ವಾಸನೆಯ ತಂತಿ

ಅಂಗರಚನಾ ವಿಭಾಗದ ಗಾಜಿನ ಕಪಾಟಿನಲ್ಲಿ ಮೂವತ್ತು ವರ್ಷ ಕೂತಿದ್ದ ಮೇಣದ ಮಿದುಳನ್ನು ಮಗಳು ಎತ್ತಿ ಅಪ್ಪನ ಮುಂದಿಟ್ಟಳು. ಅದನ್ನು ಮಾಡಿದವರು ಅಪ್ಪನೇ. ನಿವೃತ್ತಿಯವರೆಗೂ ಇಲ್ಲಿ ಮಾದರಿಗಳನ್ನು ತಯಾರಿಸುತ್ತಿದ್ದವರು. ಈಗ ಮಗಳು ಅದೇ ವಿಭಾಗದಲ್ಲಿ ಪಾಠ ಹೇಳುತ್ತಾಳೆ.

"ಇವತ್ತೇ ತಿದ್ದಿಸಿ, ಇಲ್ಲಾಂದ್ರೆ ನಾಳೆ ಗುಜರಿಗೆ" ಎಂದು ಹೊಸ ಮುಖ್ಯಸ್ಥರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ತಪ್ಪು ಒಂದೇ. ಮಿದುಳಿನ ನಡುವೆ ಹುದುಗಿರುವ, ಮೊಟ್ಟೆಯಾಕಾರದ ಜೋಡಿ ಗಂಟು ಥಾಲಮಸ್. ಕಣ್ಣು, ಕಿವಿ, ಚರ್ಮ ಕಳಿಸಿದ ಸುದ್ದಿ ಮೊದಲು ಅಲ್ಲಿ ಇಳಿದು, ಆಮೇಲೆ ಹೊರಪದರವಾದ ಕಾರ್ಟೆಕ್ಸಿಗೆ ಹೋಗುತ್ತದೆ: ನೋಟ ಹಿಂಭಾಗಕ್ಕೆ, ಸದ್ದು ಪಕ್ಕಕ್ಕೆ, ಸ್ಪರ್ಶ ನಡುನೆತ್ತಿಯ ಪಟ್ಟಿಗೆ. ವಾಸನೆ ಮಾತ್ರ ಅಲ್ಲಿ ಇಳಿಯದೆ ನೇರವಾಗಿ ಕಾರ್ಟೆಕ್ಸ್ ಸೇರುತ್ತದೆ. ಈ ಮಾದರಿಯಲ್ಲೋ, ವಾಸನೆಯ ಹಳದಿ ತಂತಿಯೂ ಥಾಲಮಸ್ಸಿಗೇ ಚುಚ್ಚಿಕೊಂಡಿತ್ತು.

ಚುಚ್ಚಿದ್ದು ಅವಳೇ, ಎಂಟು ವರ್ಷದವಳಿದ್ದಾಗ. ಶಾಲೆ ಬಿಟ್ಟ ಮೇಲೆ ಇಲ್ಲಿಗೆ ಬಂದು, ಎತ್ತರದ ಸ್ಟೂಲಿನ ಮೇಲೆ ಕಾಲು ಅಲ್ಲಾಡಿಸುತ್ತಾ ಅಪ್ಪನಿಗೆ ಬಣ್ಣದ ತಂತಿ ಎತ್ತಿಕೊಡುತ್ತಿದ್ದ ಸಂಜೆಗಳವು. ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿರಲಿಲ್ಲ; ಮಾತು ಬೇಕೆನಿಸುತ್ತಲೂ ಇರಲಿಲ್ಲ. ಒಂದು ಸಂಜೆ ಮಾತ್ರ, "ಪಾಪ, ಇದೊಂದು ಒಂಟಿ ಆಗತ್ತಲ್ಲಪ್ಪ" ಎಂದು ಅವಳು ಹಳದಿಯನ್ನು ಉಳಿದವುಗಳ ಜೊತೆ ಸೇರಿಸಿದಳು. ಅಪ್ಪ ಗಮನಿಸದೆ ಮೇಣ ಹಾಕಿ ಮುಚ್ಚಿದರು. ಮರುದಿನ, ಆಗ ವಿಭಾಗ ನಡೆಸುತ್ತಿದ್ದ ಪ್ರೊಫೆಸರಮ್ಮ ಬೈದು, ಕೊನೆಗೆ ತಾವೇ ನಕ್ಕು, "ಇರ್ಲಿ ಬಿಡಿ, ತಪ್ಪು ಹುಡುಕಿ ಅಂತ ಪರೀಕ್ಷೇಲಿ ಕೇಳೋಣ" ಎಂದಿದ್ದರು.

"ನಾನೇ ತೆಗೀತೀನಪ್ಪ."

"ಕೈ ಇಡಬೇಡ ಕಣೇ. ಒಂದ್ಸಲ ಇಟ್ಟು ಆಗಿರೋದೇ ಸಾಕು!"

ಅಪ್ಪ ಎಡಚ. ಹೋದ ವರ್ಷ ಅವರ ಬಲಗಡೆಯ ಥಾಲಮಸ್ಸಿನಲ್ಲೇ ಸಣ್ಣ ರಕ್ತಸ್ರಾವವಾಗಿತ್ತು. ಮಿದುಳಿನ ಬಲಗಡೆಗೆ ಸುದ್ದಿ ಬರುವುದು ಎಡಮೈಯಿಂದ. ಎಡಗೈ ಆಡುತ್ತದೆ, ಮುಟ್ಟಿದ್ದು ಮಾತ್ರ ತಿಳಿಯುವುದಿಲ್ಲ. ಅಂದಿನಿಂದ ಅವರು ಯಾವ ಉಪಕರಣವನ್ನೂ ಹಿಡಿದಿರಲಿಲ್ಲ. ಇಂದು ಆಗದಿದ್ದರೆ ಇನ್ನೆಂದೂ ಹಿಡಿಯಲಾರರೆಂದು ಅವಳಿಗೆ ಗೊತ್ತಿತ್ತು.

ಅಪ್ಪ ಎಡಗೈಗೆ ಎತ್ತಿಕೊಂಡ ಚಿಮಟ ಎರಡು ಸಲ ಜಾರಿ ಬಿತ್ತು.

"ಬೆರಳು ರಜಾ ಹಾಕಿದೆ, ಕಣ್ಣಿಗೆ ಡಬಲ್ ಡ್ಯೂಟಿ" ಎಂದು ಅಪ್ಪ ಗೊಣಗಿದರು.

ಮೂರನೇ ಸಲ, ಯಾರದೋ ಕೈಯನ್ನು ಕಾಯುವವರಂತೆ ತಮ್ಮ ಕೈಯನ್ನೇ ದಿಟ್ಟಿಸುತ್ತಾ ತಂತಿ ಎಳೆದರು. ಬಂತು. ಅದನ್ನು ಬಗ್ಗಿಸಿ ಕಾರ್ಟೆಕ್ಸಿನ ತಳಕ್ಕೆ ಕೂರಿಸಿ, ಬಲಗೈಯಲ್ಲಿ ಬಿಸಿ ಮೇಣ ಹನಿಸತೊಡಗಿದರು. ಒಂದು ದಪ್ಪ ಹನಿ ತಂತಿ ಹಿಡಿದಿದ್ದ ಎಡಗೈ ಬೆರಳ ಮೇಲೆ ಬಿತ್ತು. ಮಗಳು ತನ್ನ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಅಪ್ಪ ಅಲುಗಲಿಲ್ಲ. ಅವಳು ತಂತಿಯ ಸುತ್ತಲಿನ ಮೇಣ ಹೆಪ್ಪುಗಟ್ಟುವವರೆಗೂ ತಡೆದುಕೊಂಡಳು.

"ನೋಡಿದ್ಯಾ! ಹೋಗಿ ಹೇಳು ನಿಮ್ಮ ಸಾಹೇಬರಿಗೆ."

"ಹೇಳ್ತೀನಿ. ಮೊದ್ಲು ಇಲ್ಲಿ ಬನ್ನಿ."

ಅವರ ಎಡಗೈಯನ್ನು ಸಿಂಕಿನ ನಲ್ಲಿಯ ಕೆಳಗೆ ಹಿಡಿದು ನೀರು ಬಿಟ್ಟಳು. ಆಗಷ್ಟೇ ಅಪ್ಪ ಕೆಂಪಾದ ಬೆರಳನ್ನು ಕಂಡರು.

"ನೀರು ತಣ್ಣಗಿದೆಯೇನೇ?"

"ಹೂಂ ಅಪ್ಪ, ತಣ್ಣಗಿದೆ."

ಅಪ್ಪ ಕೈಯನ್ನು ಅಲ್ಲೇ ಬಿಟ್ಟರು.