ಲೆಂಪಿಯ ಸರದಿಯ ಶನಿವಾರ

ಮೂರನೆಯ ಲೋಟ ಕಾಫಿ ಖಾಲಿಯಾದರೂ ಆ ಮನುಷ್ಯ ಏಳುವ ಲಕ್ಷಣ ಕಾಣಲಿಲ್ಲ. ಹೆಸರು ಹ್ಯಾಲೊರನ್, ಅಮೆರಿಕ ಸರ್ಕಾರದ ಕಡೆಯವನು. ಟೋಪಿಯನ್ನು ಮೊಣಕಾಲಿಗೆ ತೊಡಿಸಿಕೊಂಡು, ವಿಯೆನೊ ಬೆಳಿಗ್ಗೆ ಬೇಯಿಸಿದ್ದ ಏಲಕ್ಕಿ ಬ್ರೆಡ್ಡನ್ನು ಅದ್ದಿ ಅದ್ದಿ ತಿನ್ನುತ್ತಿದ್ದ. ವಿಯೆನೊಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟು ಮಾಡುವುದಕ್ಕೂ ತ್ರಾಣ ಬೇಕಲ್ಲ! ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸಿದ ಫಿನ್ನಿಶ್ ಹೆಂಗಸು ಈ ಗಣಿಯೂರಿನಲ್ಲಿ ಇನ್ನೂ ಹುಟ್ಟಿಲ್ಲ. ಬಂದವನು ಗಂಡನನ್ನು ದೇಶ ಬಿಡಿಸಲು ಬಂದವನಾದರೂ ಅಷ್ಟೆ.

"ಮಿಸೆಸ್ ಸಲ್ಮೆಲಾ, ನಿಮ್ಮ ಯಜಮಾನ್ರು ಈ ದೇಶಕ್ಕೆ ಬಂದಾಗ ನಾಲ್ಕು ವರ್ಷ. ಈಗ ಐವತ್ತು. ಪೌರತ್ವದ ಕಾಗದ ಮಾಡಿಸ್ಕೊಳ್ಳೋಕೆ ಇಷ್ಟು ವರ್ಷದಲ್ಲಿ ಒಂದಿನಾನೂ ಪುರುಸೊತ್ತಾಗ್ಲಿಲ್ವಾ?"

"ಗಣಿಯೋರು ಪುರುಸೊತ್ತು ಕೊಟ್ಟಿದ್ರೆ ಹಲ್ಲು ಕೀಳಿಸ್ಕೊಂಡು ಬರ್ತಿದ್ರು. ಎರಡು ವರ್ಷದಿಂದ ನೋಯ್ತಿದೆ," ಎಂದಳು ವಿಯೆನೊ.

ಹ್ಯಾಲೊರನ್ ನಗಲಿಲ್ಲ. ಅವನಿಗೂ ಸಾಕಾಗಿ ಹೋಗಿತ್ತೆಂದು ಕಾಣುತ್ತದೆ. ಬೂಟಿನ ಮೇಲೆಲ್ಲ ಊರೂರಿನ ಕೆಸರು. ಜೇಬಿನಿಂದ ಒಂದು ಹಾಳೆ ತೆಗೆದು ಓದಿದ. ಆರ್ವಿದ್ ಸಲ್ಮೆಲಾ ಹಿಂದೆ ಕಮ್ಯುನಿಸ್ಟರ ಅಡ್ಡೆ ಎನ್ನುವ ಕಾರ್ಮಿಕರ ಹಾಲ್‌ನಲ್ಲಿ ನಾಲ್ಕು ವರ್ಷ ಸದಸ್ಯನಾಗಿದ್ದ. ಅವನ ತಂಗಿ ಸೈಮಿ ಮೂವತ್ತೆರಡರಲ್ಲಿ ಗಂಡನ ಜೊತೆ ರಷ್ಯಾಕ್ಕೆ ಹೋದಳು. ಹೋದ ಚಳಿಗಾಲದಲ್ಲಿ ಅವಳಿಂದ ಒಂದು ಕಾಗದ ಬಂದಿದೆ.

ಕೊನೆಯ ಮಾತು ಕೇಳಿ ವಿಯೆನೊಳ ಕೈಯಲ್ಲಿದ್ದ ಕಾಫಿ ಪಾತ್ರೆ ಒಲೆಯ ಮೇಲೆ ಠಣ್ಣೆಂದು ಕೂತಿತು. ಹಾಲ್‌ನ ವಿಷಯ ಊರಿಗೆಲ್ಲ ಗೊತ್ತು. ಕೆಲಸವಿಲ್ಲದ ಆ ಕೆಟ್ಟ ವರ್ಷಗಳಲ್ಲಿ ಕುಣಿತ, ನಾಟಕ, ಬಿಟ್ಟಿ ಸೂಪು ಎಲ್ಲ ಅಲ್ಲೇ ಇದ್ದದ್ದು, ಹೋಗದವರು ಯಾರು? ಸೈಮಿ ಹೋದದ್ದೂ ಗೊತ್ತು. ಹೊಸ ನಾಡು ಕಟ್ಟುತ್ತೇವೆಂದು ಆಗ ಎಷ್ಟೋ ಜನ ಗರಗಸ, ಹೊಲಿಗೆ ಯಂತ್ರ ಕಟ್ಟಿಕೊಂಡು ಹಡಗು ಹತ್ತಿದ್ದರು. ಆದರೆ ಆ ಕಾಗದ ಯಾರ್ಯಾರ ಕೈ ದಾಟಿಯೋ ಬಂದದ್ದು. ಅದರ ಸುದ್ದಿ ಗೊತ್ತಿದ್ದದ್ದು ಆರ್ವಿದ್‌ಗೆ, ತನಗೆ, ಮತ್ತೆ ಪಕ್ಕದ ಮನೆಯ ಲೆಂಪಿಗೆ.

ಲೆಂಪಿಗೆ ಹೇಳಿದ್ದು ಹಬೆಮನೆಯಲ್ಲಿ.

ಎರಡೂ ಮನೆಗಳ ಹಿತ್ತಿಲಲ್ಲಿ ಒಂದೊಂದಿತ್ತು. ಮರದ ದಿಮ್ಮಿಗಳಿಂದ ಕಟ್ಟಿದ ಕೋಣೆ, ಒಳಗೊಂದು ಒಲೆ, ಒಲೆಯ ಮೇಲೆ ಕಾದ ಕಲ್ಲುಗಳು, ಕೂರಲು ಹಲಗೆ. ಶನಿವಾರ ಸಂಜೆ ಕಲ್ಲಿಗೆ ನೀರು ಹೊಡೆದು ಹಬೆಯಲ್ಲಿ ಕೂತರೆ ವಾರದ ಕೊಳೆ, ಮೈನೋವು ಎರಡೂ ಇಳಿಯುತ್ತಿದ್ದವು. ಎರಡೂ ಮನೆಯವರಿಗೆ ಒಲೆ ಹಚ್ಚುವುದು ಒಂದು ಶನಿವಾರ ಇವರ ಸರದಿ, ಮುಂದಿನದು ಲೆಂಪಿಯ ಸರದಿ. ಮೊದಲು ಗಂಡಸರು, ಆಮೇಲೆ ಹೆಂಗಸರು. ಇಪ್ಪತ್ತೆರಡು ವರ್ಷ ಇದು ತಪ್ಪಿರಲಿಲ್ಲ. ಆ ಹಲಗೆಯ ಮೇಲೆ ಆಡಿದ ಮಾತು ಹೊಸಿಲು ದಾಟಬಾರದು, ಅಲ್ಲಿ ಜಗಳ ಆಡಬಾರದು, ಇದು ಅವರ ಕಟ್ಟಳೆ. ಅಮೆರಿಕಕ್ಕೂ ರಷ್ಯಾಕ್ಕೂ ಬಾಂಬಿದೆ, ವಿಮಾನವಿದೆ, ಅರ್ಧರ್ಧ ಭೂಮಿಯಿದೆ. ಅವರ ಜಗಳಕ್ಕೆ ಕೊನೆಗೆ ವಿಯೆನೊಳ ಹಬೆಮನೆಯೇ ಬೇಕಾಯಿತೆ?

"ಮುಂದಿನ ತಿಂಗಳು ವಿಚಾರಣೆ," ಎಂದ ಹ್ಯಾಲೊರನ್. "ಈ ಮೂರು ಸೇರಿದ್ರೆ ಯಜಮಾನ್ರನ್ನ ಹಡಗು ಹತ್ತಿಸ್ತಾರೆ. ಫಿನ್ಲೆಂಡಿಗೆ."

"ಅಲ್ಲಿ ಅವರ ಪಾಲಿಗೆ ಯಾರಿದ್ದಾರೆ? ಹೋಗಿ ಎಲ್ಲಿ ನಿಲ್ಬೇಕು?"

"ಅದಕ್ಕೇ ಹೇಳ್ತಿರೋದು. ಸದಸ್ಯರ ಪಟ್ಟಿ ಬರೀತಿದ್ದೋನು ಬೇರೆ ಯಾರೋ ಇದ್ನಲ್ಲ, ಅವನ ಹೆಸರು ಹೇಳಿ ಒಂದು ಸಹಿ ಹಾಕಿ. ಆಗ ನಿಮ್ಮೋರು ಬರೀ ಕುಣಿಯೋಕೆ ಹೋಗಿದ್ದೋರು ಅಂತ ಬರೆದು ಮುಚ್ಚಬಹುದು. ಶನಿವಾರದ ಒಳಗೆ."

ಅವನು ಹೋದ ಮೇಲೆ ವಿಯೆನೊ ಅವನ ಲೋಟವನ್ನು ಎರಡೆರಡು ಸಲ ತೊಳೆದಳು. ಪಟ್ಟಿ ಬರೆಯುತ್ತಿದ್ದವನು ನೆಸ್ತೊರ್. ಲೆಂಪಿಯ ಗಂಡ. ಅಕ್ಷರ ದುಂಡಗಿತ್ತೆಂದು ಅವನ ಕೈಗೆ ಪುಸ್ತಕ ಕೊಟ್ಟಿದ್ದರು, ಅಷ್ಟೇ. ಗಣಿಯಲ್ಲಿ ಅವನ ಪಿಂಚಣಿಗೆ ಇನ್ನು ಒಂದೂವರೆ ವರ್ಷವಿತ್ತು.

ಆರ್ವಿದ್ ಸಂಜೆ ಬಂದ. ಹುಬ್ಬಿನಿಂದ ಬೂಟಿನವರೆಗೆ ಕಬ್ಬಿಣದ ಕೆಂಪು ಧೂಳು. ಎಲ್ಲವನ್ನೂ ಕೇಳಿಸಿಕೊಂಡು ಕುರ್ಚಿಯಲ್ಲಿ ಕುಸಿದ.

"ಮಗ ಕೊರಿಯಾದಲ್ಲಿ ಕೂತ್ಕೊಂಡು ಕೆಂಪರ ಮೇಲೆ ಗುಂಡು ಹಾರಿಸ್ತಾನೆ. ಅಪ್ಪ ಇಲ್ಲಿ ಕೆಂಪನಂತೆ! ಈ ಗಣಿಯಲ್ಲಿ ಬಿಳಿ ಇರೋದು ಯಾರೇ? ಮ್ಯಾನೇಜರ್ ಒಬ್ಬನೇ."

"ತಮಾಷೆ ಸಾಕು ಮಾರಾಯ. ಹೆಸರು ಕೇಳ್ತಿದ್ದಾನೆ."

"ನೆಸ್ತೊರ್ ಹೆಸರು ನಿನ್ನ ಬಾಯಲ್ಲಿ ಬರಬಾರದು." ಆರ್ವಿದ್ ಬೂಟಿನ ದಾರ ಬಿಚ್ಚುತ್ತ, ತಲೆಯೆತ್ತದೆ ಹೇಳಿದ. "ಕಳಿಸಿದ್ರೆ ಕಳಿಸ್ಲಿ. ಇನ್ನೊಬ್ಬನ ಹೆಗಲ ಮೇಲೆ ಹತ್ಕೊಂಡು ನಾನು ಇಲ್ಲಿ ಉಳಿಯಲ್ಲ."

"ಕಾಗದದ ವಿಷಯ ಅವನಿಗೆ ಹೇಳಿದ್ದು ಯಾರು ಅಂತ ಕೇಳು ಮತ್ತೆ."

"ನಂಗೆ ಬೇಡ. ಯಾರಾದ್ರೇನು," ಎಂದು ಅವನು ಮುಖ ತೊಳೆಯಲು ಎದ್ದ.

ಅವನಿಗೆ ಬೇಡವಾದರೆ ಬಿಡಲಿ. ವಿಯೆನೊಗೆ ಆ ಇಡೀ ರಾತ್ರಿ ಎದೆ ಉರಿಯಿತು. ಹೇಳಿದ್ದು ಲೆಂಪಿಯಲ್ಲದೆ ಇನ್ಯಾರು? ಇಪ್ಪತ್ತೆರಡು ವರ್ಷ ಬೆನ್ನು ಉಜ್ಜಿದವಳು! ಮಗ ರೆಯಿನೊ ಹುಟ್ಟಿದಾಗ ಬಿಸಿನೀರು ಹೊತ್ತು ತಂದವಳು! ಗಂಡನಿಲ್ಲದ ಈ ಮನೆಯಲ್ಲಿ ತಾನೊಬ್ಬಳೇ ಕೂತು, ಕೊರಿಯಾದಿಂದ ಬರುವ ಕಾಗದಕ್ಕೂ ಫಿನ್ಲೆಂಡಿನಿಂದ ಬರುವ ಕಾಗದಕ್ಕೂ ಕಾಯುವುದು ಅವಳ ಕಣ್ಣಿಗೆ ಕಟ್ಟಿತು. ಆಗಲ್ಲ, ನನ್ನ ಕೈಲಾಗಲ್ಲ ಅಂದುಕೊಂಡಳು. ಶುಕ್ರವಾರ ಆರ್ವಿದ್ ಗಣಿಗೆ ಹೋದದ್ದೇ ತಡ, ಭಾನುವಾರದ ಕೋಟು ಹಾಕಿಕೊಂಡು ಬಸ್ಸು ಹತ್ತಿ, ಪಕ್ಕದೂರಿನಲ್ಲಿ ಹ್ಯಾಲೊರನ್ ಇಳಿದುಕೊಂಡಿದ್ದ ಹೋಟೆಲಿಗೆ ಹೋಗಿ ಸಹಿ ಹಾಕಿದಳು. ನೆಸ್ತೊರನ ಹೆಸರಿನ ಸ್ಪೆಲಿಂಗನ್ನು ಅವಳೇ ತಿದ್ದಿಕೊಟ್ಟಳು. ಗಂಡನಿಗೆ ಹೇಳಲಿಲ್ಲ.

ಮರುದಿನ ಶನಿವಾರ, ಇವರ ಸರದಿ. ಒಲೆ ಹಚ್ಚದಿದ್ದರೆ ಆರ್ವಿದ್ ಯಾಕೆಂದು ಕೇಳುತ್ತಾನೆ. ಹಚ್ಚಿದಳು. ಲೆಂಪಿ ಬರಲಾರಳು, ಯಾವ ಮುಖ ಹೊತ್ತು ಬಂದಾಳು ಎಂದುಕೊಂಡಿದ್ದಳು. ನಾಲ್ಕು ಗಂಟೆಗೆ ಸರಿಯಾಗಿ ಲೆಂಪಿ ಬಂದಳು, ಕಂಕುಳಲ್ಲಿ ಟವೆಲ್ಲು, ಕೈಯಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು. ಗಂಡಸರು ಮೊದಲು ಹೋಗಿ ಕೆಂಪಗೆ ಬೆಂದು ಹೊರಬಂದು, ಮೆಟ್ಟಿಲ ಮೇಲೆ ಕೂತು ಬಿಯರ್ ಬಾಟಲಿ ತೆಗೆದರು. ನೆಸ್ತೊರ್ ಏನೋ ಹೇಳಿ ಆರ್ವಿದ್‌ನ ತೊಡೆಗೆ ಬಡಿದು ನಕ್ಕ. ವಿಯೆನೊ ಬೇಗ ಬೇಗ ಒಳಗೆ ಹೋದಳು.

ಲೆಂಪಿ ಕಲ್ಲಿಗೆ ನೀರು ಹೊಡೆದಳು. ಹಬೆ ಕವಿಯಿತು. ಎಂದಿನಂತೆ ವಿಯೆನೊಳನ್ನು ಮುಂದೆ ಕೂರಿಸಿಕೊಂಡು ಬೆನ್ನಿಗೆ ಸೋಪು ಹಚ್ಚಿದಳು.

"ಬೆನ್ನೇನೇ ಇಷ್ಟು ಬಿಗಿ? ಹಲಗೆ ಆಗಿದೆ."

ವಿಯೆನೊ ಮೊಣಕಾಲುಗಳನ್ನು ತಬ್ಬಿಕೊಂಡಳು.

"ಅಡಿಗೆಮನೆಗೆ ಬಂದು ಕೂತಿದ್ನಂತಲ್ಲ ಆ ಟೋಪಿಯವನು. ನಮ್ಮನೆಗೂ ಬಂದಿದ್ದ, ಹೋದ ವಾರ. ನಿಂಗೆ ಹೇಳಬೇಕು ಹೇಳಬೇಕು ಅಂತಿದ್ದೆ." ಲೆಂಪಿಯ ಕೈ ಉಜ್ಜುತ್ತಲೇ ಇತ್ತು. "ಆರ್ವಿದ್‌ಗೆ ರಷ್ಯಾ ಅಂದ್ರೆ ಪ್ರಾಣವಂತೆ, ತಂಗೀನ ಕಳಿಸ್ಕೊಟ್ಟೋನಂತೆ, ಹಾಗಂತಾನೆ ಕಣೇ! ನಂಗೆ ಮೈಯೆಲ್ಲ ಉರಿದುಹೋಯ್ತು. ಸೈಮಿಯ ಕಾಗದ ಓದಿದೀಯೇನಯ್ಯಾ ಅಂತ ಕೇಳೇಬಿಟ್ಟೆ. ಹೋಗಿ ಓದು, ರಷ್ಯಾದೋರು ನಮ್ಮೋರಿಗೆ ಏನು ಮಾಡಿದ್ರು ಅಂತ ಗೊತ್ತಾಗುತ್ತೆ, ಆ ಕಾಗದ ಓದಿದೋನು ಯಾವನಾದ್ರೂ ಅವರ ಕಡೆ ಇರ್ತಾನಾ ಅಂದೆ. ಓದಿದ್ನಾ?"

ಕಾಗದದಲ್ಲಿ ಒಂದೇ ಸಾಲಿತ್ತು ಮುಖ್ಯವಾದದ್ದು. ಗಂಡ ಐನರಿ ಮೂವತ್ತೆಂಟರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಇಬ್ಬರು ಗೆಳೆಯರ ಜೊತೆ ಪೇಟೆಗೆ ಹೋದವನು ಇನ್ನೂ ಬಂದಿಲ್ಲ, ಅವನ ಬೂಟು ಹಾಗೇ ಇಟ್ಟಿದ್ದೇನೆ, ಎಂದು ಸೈಮಿ ಬರೆದಿದ್ದಳು. ಫೆಬ್ರವರಿಯ ಹಿಮದಲ್ಲಿ ಬೂಟಿಲ್ಲದೆ ಪೇಟೆಗೆ ಹೋಗುವವರು ಯಾರು? ಪೊಲೀಸರು ಎಳೆದುಕೊಂಡು ಹೋದರು, ಕೊಂದರು, ಅಷ್ಟನ್ನು ಬಿಚ್ಚಿ ಬರೆಯುವ ಹಾಗಿರಲಿಲ್ಲ. ಆ ಸಾಲು ಓದಿ ಆರ್ವಿದ್ ಸೌದೆ ಕೊಟ್ಟಿಗೆಗೆ ಹೋಗಿ ಗೋಳೋ ಎಂದು ಅತ್ತಿದ್ದ. ಲೆಂಪಿಯೂ ಈ ಹಲಗೆಯ ಮೇಲೇ ಅತ್ತಿದ್ದಳು. ಅಷ್ಟೊಂದು ಅಳಿಸುವ ಕಾಗದ ಟೋಪಿಯವನನ್ನೂ ಅಳಿಸುತ್ತದೆ ಎಂದು ನಂಬಿದಳು, ಪಾಪದವಳು. ಅವನು ಓದಲಿಲ್ಲ, ಕೇಳಲೂ ಇಲ್ಲ. ಕಾಗದ ಬಂದಿದೆ ಎಂದಷ್ಟೇ ಬರೆದುಕೊಂಡು ಹೋದ.

"ಇಲ್ಲಿ ಆಡಿದ ಮಾತು ಹೊರಗೆ ಹೇಳಿದೆ, ತಪ್ಪು," ಎಂದಳು ಲೆಂಪಿ. "ನಿಮ್ಮೋರನ್ನ ಉಳಿಸೋಕೆ ಅಂತ ಹೇಳಿದ್ದು ಕಣೇ. ಬೈಯ್ಯೋದಾದ್ರೆ ಬೈದ್ಬಿಡು, ಒಳಗಿಟ್ಕೋಬೇಡ."

ವಿಯೆನೊ ಅಳತೊಡಗಿದಳು. ಹಬೆಯಲ್ಲಿ ಕಣ್ಣೀರು ಯಾವುದು ಬೆವರು ಯಾವುದು ಎಂದು ಯಾರಿಗೆ ಗೊತ್ತಾಗುತ್ತದೆ? ಮುಚ್ಚಿಡಬಹುದಿತ್ತು. ಆದರೆ ಆ ಕೈ ಇನ್ನೂ ಬೆನ್ನ ಮೇಲೇ ಇತ್ತು.

"ನಿನ್ನೆ ಹೋಗಿ ಸಹಿ ಹಾಕಿ ಬಂದೆ," ಎಂದಳು. "ಪಟ್ಟಿ ಬರೀತಿದ್ದೋನು ನೆಸ್ತೊರ್ ಅಂತ ಹೇಳಿದೆ. ನೀನು ಚಾಡಿ ಹೇಳಿದೀಯ ಅಂದ್ಕೊಂಡೆ ಲೆಂಪಿ."

ಕೈ ನಿಂತಿತು. ಒಲೆಯ ಮೇಲೆ ಕಲ್ಲುಗಳು ಚಟಚಟ ಎನ್ನುತ್ತಿದ್ದವು. ಹೊರಗೆ ಗಂಡಸರ ನಗು ಕೇಳಿಸಿತು. ಆಮೇಲೆ ಆ ಕೈ ಮತ್ತೆ ಚಲಿಸಿತು. ಲೆಂಪಿ ಉಳಿದಿದ್ದ ಬೆನ್ನನ್ನು ಉಜ್ಜಿ ಮುಗಿಸಿ, ಬಕೆಟ್ಟಿನಿಂದ ಉಗುರುಬೆಚ್ಚಗಿನ ನೀರು ಸುರಿದು ಸೋಪು ತೊಳೆದಳು. ಕೆಲಸ ಅರ್ಧಕ್ಕೆ ಬಿಡುವ ಅಭ್ಯಾಸ ಅವಳಿಗಿರಲಿಲ್ಲ.

"ಕೂತ್ಕೋ, ನಿನ್ನ ಬೆನ್ನು ಉಜ್ತೀನಿ," ಎಂದಳು ವಿಯೆನೊ.

"ಬೇಡ," ಎಂದು ಲೆಂಪಿ ಟವೆಲ್ಲು ಸುತ್ತಿಕೊಂಡು ಹೊರಟಳು. ಅಡಿಗೆಮನೆಯಲ್ಲಿ ಕಾಫಿ ಕಾಯುತ್ತಿತ್ತು, ಬ್ರೆಡ್ಡು ಕೊಯ್ದಿಟ್ಟಿತ್ತು. ಲೆಂಪಿಗೆ ತಲೆನೋವಂತೆ ಎಂದು ನೆಸ್ತೊರ್ ಅವಳ ಪಾಲನ್ನೂ ತಾನೇ ತಿಂದು ಹೋದ. ಹೆಂಡತಿ ಅವನಿಗೆ ಏನೂ ಹೇಳಿರಲಿಲ್ಲ.

ಆರು ದಿನ ಕಳೆದವು. ಶುಕ್ರವಾರ ಅಂಚೆಯಲ್ಲಿ ಒಂದು ಲಕೋಟೆ ಬಂತು. ಆರ್ವಿದ್ ಸಲ್ಮೆಲಾನ ವಿಚಾರಣೆ ಸದ್ಯಕ್ಕೆ ಅಗತ್ಯವಿಲ್ಲ. ವಿಯೆನೊ ಅದನ್ನು ಕಿಟಕಿಯ ಬಳಿ ನಿಂತು ಮೂರು ಸಲ ಓದಿದಳು. ಅಲ್ಲಿ ನಿಂತಿದ್ದಾಗಲೇ ಮಧ್ಯಾಹ್ನದ ಬಿಸಿಲಿನಲ್ಲಿ ನೆಸ್ತೊರ್ ರಸ್ತೆಯಲ್ಲಿ ನಡೆದು ಬರುವುದು ಕಂಡಿತು. ಅವನ ಪಾಳಿ ಮುಗಿಯಲು ಇನ್ನೂ ನಾಲ್ಕು ಗಂಟೆಯಿತ್ತು. ಊಟದ ಡಬ್ಬಿ ಅವನ ಕೈಯನ್ನು ಜಗ್ಗುತ್ತಿತ್ತು. ಅದನ್ನು ತೆರೆದೇ ಇರಲಿಲ್ಲ, ಊಟಕ್ಕೆ ಮುಂಚೆಯೇ ಅವನನ್ನು ಕೆಲಸದಿಂದ ತೆಗೆದಿದ್ದರು ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ಅವನು ಇವರ ಮನೆಯತ್ತ ನೋಡಲಿಲ್ಲ.

ಆ ವಾರ ರಾತ್ರಿ ಪಾಳಿಯಲ್ಲಿದ್ದ ಆರ್ವಿದ್‌ಗೆ ಇದು ಯಾವುದೂ ಗೊತ್ತಿರಲಿಲ್ಲ. ಶನಿವಾರ ನಿದ್ದೆ ಮುಗಿಸಿ ಎದ್ದವನು ಲಕೋಟೆ ಓದಿ ಹೆಂಡತಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಎಷ್ಟೋ ವರ್ಷವಾಗಿತ್ತು ಹಾಗೆ ಮಾಡಿ.

"ನೋಡ್ದ್ಯಾ? ಯಾರ ಹೆಸರೂ ಬೇಕಾಗ್ಲಿಲ್ಲ! ಸುಮ್ನೆ ಇದ್ರೆ ಎಲ್ಲಾ ತಾನಾಗೇ ಸರಿಹೋಗುತ್ತೆ. ನೀನು ಸುಮ್ಸುಮ್ನೆ ಒಣಗಿಹೋದೆ." ಟವೆಲ್ಲನ್ನು ಹೆಗಲಿಗೆಸೆದು ಎರಡು ಬಾಟಲಿ ಬಿಯರ್ ಎತ್ತಿಕೊಂಡ. "ಇವತ್ತು ಲೆಂಪಿ ಸರದಿ ಅಲ್ವಾ? ಮೊದಲು ನೆಸ್ತೊರ್‌ಗೆ ಹೇಳಬೇಕು. ಕುಣಿದುಬಿಡ್ತಾನೆ."

"ಆರ್ವಿದ್," ಎಂದಳು ವಿಯೆನೊ. ಅವನು ಆಗಲೇ ಬಾಗಿಲಲ್ಲಿದ್ದ.

"ನೀನೂ ಬಾ ಆಮೇಲೆ," ಎಂದು ಅವನು ಶಿಳ್ಳೆ ಹಾಕುತ್ತ ಬೇಲಿ ದಾಟಿದ.

ಲೆಂಪಿಯ ಹಬೆಮನೆಯ ಹೊಗೆಕೊಳವೆಯಿಂದ ಮಧ್ಯಾಹ್ನದಿಂದಲೂ ಹೊಗೆ ಬರುತ್ತಿತ್ತು. ಒಣಗಿದ ಬರ್ಚ್ ಸೌದೆಯ ಒಳ್ಳೆಯ ಬಿಳಿ ಹೊಗೆ. ವಿಯೆನೊ ಕುರ್ಚಿಯಲ್ಲಿ ಕೂತು ಕಾದಳು. ಹತ್ತು ನಿಮಿಷವೂ ಆಗಿರಲಿಲ್ಲ, ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು.

ಆರ್ವಿದ್ ಬಾಗಿಲಲ್ಲೇ ನಿಂತ. ಬಾಟಲಿಗಳನ್ನು ತೆರೆದಿರಲಿಲ್ಲ, ಟವೆಲ್ಲು ಹೆಗಲ ಮೇಲೆ ಮಡಿಕೆ ಬಿಚ್ಚದೆ ಹಾಗೇ ಇತ್ತು.

"ಇವತ್ತು ಒಲೆ ಹಚ್ಚಿಲ್ಲವಂತೆ. ಲೆಂಪಿ ಬಾಗಿಲು ಅರ್ಧ ತೆಗೆದು ಹೇಳಿದ್ಲು, ನನ್ನ ಮುಖಾನೂ ನೋಡ್ಲಿಲ್ಲ." ಅವನು ಕಿಟಕಿಯತ್ತ ತಿರುಗಿದ. ಹೊಗೆ ನೆಟ್ಟಗೆ ಮೇಲೇರುತ್ತಿತ್ತು. "ಹೊಗೆ ಬರ್ತಾ ಇದೆಯಲ್ಲೇ ವಿಯೆನೊ? ಏನಾಯ್ತು ಅವರಿಗೆ?"

ವಿಯೆನೊ ಅವನ ಹೆಗಲಿನಿಂದ ಟವೆಲ್ಲು ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

"ಕೂತ್ಕೋ," ಎಂದಳು. "ಹೇಳ್ತೀನಿ."