ಬಲಗಣ್ಣಿನ ಅಭ್ಯಾಸ

ನಾದಿನಿ ಮತ್ತೊಮ್ಮೆ ರೆಪ್ಪೆ ಸವರಿ ಮುಚ್ಚಿದಳು. ಕೈ ತೆಗೆದದ್ದೇ ತಡ, ಹೆಣದ ಎಡಗಣ್ಣು ಮೆಲ್ಲಗೆ ಅರೆ ತೆರೆದುಕೊಂಡಿತು.

"ಅತ್ತಿಗೆ, ಇದೊಂದು ಮುಚ್ತಾನೇ ಇಲ್ಲ ನೋಡಿ."

"ಬಿಡೇ ಅದನ್ನ," ಎಂದಳು ಗೋಡೆಗೊರಗಿ ಕೂತಿದ್ದ ಹೆಂಡತಿ.

ಜೀವಮಾನವೆಲ್ಲ ಅವಳ ಗಂಡ ಮುಚ್ಚಿಕೊಂಡೇ ಇದ್ದ ಕಣ್ಣದು. ವಾಚ್ ರಿಪೇರಿಯವರು. ಬೆಳಗಾದರೆ ಅಂಗಡಿಯಲ್ಲಿ ಕೂತು, ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಊಟದ ನೆನಪೂ ಇರುತ್ತಿರಲಿಲ್ಲ. ಹಾಗೆ ದುಡಿಸಿಕೊಂಡ ಬಲಗಣ್ಣು ಕೊನೆಗಾಲದಲ್ಲಿ ಪೂರ್ತಿ ಕತ್ತಲಾಗಿತ್ತು.

ಬಾಗಿಲಲ್ಲಿ ಇಬ್ಬರು ಚಪ್ಪಲಿ ಬಿಟ್ಟರು. ಕೆರೆ ಕೆರೆ ಸುತ್ತಿ ಹಕ್ಕಿ ನೋಡುವುದರಲ್ಲೇ ತಲೆ ನರೆಸಿಕೊಂಡ ಮೇಷ್ಟ್ರು, ಅದರಲ್ಲೇ ಅವರ ಜೊತೆಗಾರ್ತಿ ನರ್ಸಮ್ಮ. ನರ್ಸಮ್ಮನ ಕೈಯಲ್ಲಿ ಕಟ್ಟು ಹಾಕಿಸಿದ ಚಿತ್ರ: ಜೊಂಡಿನ ಮೇಲೆ ಕೂತ ನೀಲಿ ಕೊರಳಿನ ಪುಟ್ಟ ಹಕ್ಕಿ.

"ಅವರು ನೋಡಿದ್ದು ಇದನ್ನೇ ಅಮ್ಮ. ಪಕ್ಕದಲ್ಲಿಡ್ಲಾ?"

ನಾದಿನಿ ಸೆರಗಲ್ಲಿ ಕಣ್ಣೊರೆಸಿಕೊಂಡಳು. "ಅದೊಂದಾದ್ರೂ ದಕ್ತಲ್ಲ ಅಣ್ಣನಿಗೆ."

ಇಲ್ಲ ಕಣೇ, ಅದೂ ದಕ್ಕಲಿಲ್ಲ ಎಂದು ಕಿರುಚಬೇಕೆನಿಸಿತು ಹೆಂಡತಿಗೆ.

\*

ಗಂಡನಿಗೆ ಆ ಹಕ್ಕಿಯ ಹುಚ್ಚು ಹತ್ತಿದ್ದು ಚಿಕ್ಕಂದಿನಲ್ಲಿ. ಜ್ವರದಲ್ಲಿ ಮಲಗಿದ್ದಾಗ ತಾಯಿ ಕಿಟಕಿ ತೋರಿಸಿ "ನೀಲಿ ಕೊರಳಿನ ಹಕ್ಕಿ ನೋಡೋ" ಎಂದಿದ್ದಳಂತೆ. ಇವರು ತಲೆಯೆತ್ತುವಷ್ಟರಲ್ಲಿ ಅದು ಹಾರಿತ್ತು. ಅಂದಿನಿಂದ ರಜೆ ಬಂತೆಂದರೆ ಕೆರೆದಂಡೆ, ಸಂಜೆಗೆ ಬರಿಗೈ. ಕೊನೆಗೆ ವಾಚು ಕೊಡಲು ಬಂದ ಮೇಷ್ಟ್ರು, "ಅದಾ? ಚಳಿಗಾಲ ಬರಲಿ, ನಾವು ತೋರಿಸ್ತೀವಿ" ಎಂದರು.

ಅವರ ಜೊತೆ ಕೆರೆಗೆ ಹೋದ ದಿನ, ಸಂಜೆ ಮನೆಗೆ ಬಂದವರು ಕೆಸರು ಕಾಲಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಕಂಡ್ತೇನ್ರೀ?"

"ಕಂಡ್ತು ಅಂದೆ."

"ಅಂದೆ ಅಂದ್ರೆ?"

"ಮೇಷ್ಟ್ರು ಟೆಲಿಸ್ಕೋಪನ್ನ ಹಕ್ಕಿಗೆ ಸರಿಯಾಗಿ ಹಿಡಿದು, ಬೇಗ ಬನ್ನಿ ಅಂದ್ರು. ಓಡಿದೆ. ಬಲಗಣ್ಣಿಟ್ಟೆ ಕಣೇ."

"ಅಯ್ಯೋ! ಆ ಕಣ್ಣು ಸತ್ತು ಎಷ್ಟು ದಿನ ಆಯ್ತಲ್ರೀ!"

"ಗಾಜು ಕಂಡ್ರೆ ಅದೇ ಮುಂದೆ ಹೋಗುತ್ತೆ, ಏನ್ಮಾಡ್ಲಿ? ಎಡಗಣ್ಣಿಡೋ ಹೊತ್ತಿಗೆ ಬರೀ ಜೊಂಡು ಅಲ್ಲಾಡ್ತಿತ್ತು. ನರ್ಸಮ್ಮ ಕಂಡ್ತಾ ಕಂಡ್ತಾ ಅಂತ ಕುಣೀತಿದ್ರು. ಪಾಪ, ಬೆಳಗಿಂದ ನನಗೋಸ್ಕರ ಕೆಸರಲ್ಲಿ ನಿಂತಿದ್ರು. ಕಂಡ್ತು ಅಂದ್ಬಿಟ್ಟೆ."

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅನ್ನೋದು ನಿಮ್ಮನ್ನ ನೋಡೇ! ನಾಳೆ ಹೋಗಿ ಇನ್ನೊಂದ್ಸಲ ತೋರ್ಸಿ ಅನ್ನಿ."

"ಕಂಡ್ತು ಅಂದೋನು ಇನ್ನೇನಂತ ಕೇಳ್ಲಿ?"

ಅವಳು ನಕ್ಕಳು. ಅವರು ನಗಲಿಲ್ಲ. ಆಮೇಲೆ ಕೆರೆ ಕಡೆಗೆ ತಲೆ ಹಾಕಲಿಲ್ಲ.

\*

"ಒಂದು ತಮಾಷೆ ಕೇಳಿ ಅಮ್ಮ," ಎಂದರು ಮೇಷ್ಟ್ರು, ಚಾಪೆಯ ಮೇಲೆ ಕೂರುತ್ತ. "ಆ ಹಕ್ಕಿ ಚಳಿಗಾಲ ಪೂರ್ತಿ ಅಲ್ಲೇ ಇತ್ತು. ದಿನಾ ಬೆಳಗ್ಗೆ ಜೊಂಡಿಂದ ಆಚೆ ಬಂದು ಕೂರೋದು, ಟೆಲಿಸ್ಕೋಪೂ ಬೇಡ ಅನ್ನೋ ಅಷ್ಟು ಹತ್ತಿರ. ಯಾರ್ಯಾರಿಗೋ ತೋರಿಸಿದ್ವಿ. ಇವರು ಕಂಡಿದ್ದಾರಲ್ಲ, ವಯಸ್ಸಾದೋರನ್ನ ಮತ್ಯಾಕೆ ಚಳೀಲಿ ಎಳೆಯೋದು ಅಂತ ಕರೀಲಿಲ್ಲ."

ಹೆಂಡತಿ ಹೆಣದ ಕಡೆ ತಿರುಗಿದಳು. ಚಳಿಗಾಲ ಪೂರ್ತಿ! ಇವರು ಅದೇ ಊರಲ್ಲಿ, ಗೋಡೆ ಕಡೆ ಮುಖ ಮಾಡಿ ಮಲಗಿದ್ದರು.

"ಕಂಡ್ತು ಅಂದಾಗ ಅವರ ಮುಖ ನೋಡ್ಬೇಕಿತ್ತು ನೀವು," ಎಂದಳು ನರ್ಸಮ್ಮ. "ಮನೇಲಿ ಹೇಳಿದ್ರಾ?"

ಹೆಂಡತಿ ಇಬ್ಬರ ಮುಖವನ್ನೂ ನೋಡಿದಳು.

"ಹೇಳಿದ್ರು. ಚೆನ್ನಾಗಿ ಕಂಡ್ತು ಅಂದ್ರು."

ಹೊರಗೆ ಹೆಣ ಒಯ್ಯುವ ವ್ಯಾನು ಬಂದು ನಿಂತಿತು. ನರ್ಸಮ್ಮ ಚಿತ್ರವನ್ನು ದಿಂಬಿನ ಬಲಕ್ಕೆ ಒರಗಿಸಿದಳು. ಹೆಂಡತಿ ಎದ್ದು ಬಂದು ಅದನ್ನು ತೆಗೆದು ಎಡಕ್ಕಿಟ್ಟಳು. ನಾದಿನಿ ರೆಪ್ಪೆ ಮುಚ್ಚಲು ಮತ್ತೆ ಕೈ ಚಾಚಿದಾಗ ಆ ಕೈ ಹಿಡಿದುಕೊಂಡಳು.

"ಇರ್ಲಿ ಬಿಡೇ. ಒಂದು ಗಳಿಗೆ."

ಬಗ್ಗಿ, ದಿಂಬಿನ ಮಟ್ಟಕ್ಕೆ ತಲೆ ತಂದು ತಾನೂ ನೋಡಿದಳು. ಚಿತ್ರದ ಗಾಜಿನ ತುಂಬ ಟ್ಯೂಬ್‌ಲೈಟಿನ ಬೆಳಕು. ಅಲ್ಲಿಂದ ಹಕ್ಕಿ ಕಾಣುತ್ತಿರಲಿಲ್ಲ.