ಬಂಡಿಯ ಮುಂದೆ ನಡೆಯುವವಳು

ಹೂವಿನ ಕೋಣೆಯ ಕೀಲಿಯನ್ನು ಅಮ್ಮ ಅತ್ತಿಗೆಗೆ ಕೊಟ್ಟ ದಿನ ನಾನು ಊಟ ಬಿಟ್ಟೆ. ಹೌದು, ಬಿಟ್ಟೆ. ಹೆತ್ತ ಮಗಳು ಕಂಬದ ಹಾಗೆ ಎದುರಿಗೇ ನಿಂತಿರುವಾಗ ಅಣ್ಣನ ಹೆಂಡತಿಯನ್ನು ಕರೆದು ಕೊಟ್ಟರೆ ಯಾರಿಗೆ ಉರಿಯುವುದಿಲ್ಲ? ಬೀದಿಯವರು ನನ್ನನ್ನು ಮೆಣಸಿನಕಾಯಿ ಎನ್ನುವುದು ಸುಮ್ಮನೆ ಅಲ್ಲ.

ನಮ್ಮ ಊರು ಗುಡ್ಡದ ಇಳಿಜಾರಿಗೆ ಅಂಟಿಕೊಂಡಿದೆ. ಚಳಿಗಾಲದ ನಡುವೆ ಒಂದು ದಿನ ಪ್ರತಿ ಬೀದಿಯವರೂ ಬಂಡಿಯೊಂದಕ್ಕೆ ಮೈತುಂಬ ಹೂ ಕಟ್ಟಿ, ಮೇಲಿನ ಚೌಕದವರೆಗೆ ಕೈಯಿಂದಲೇ ಎಳೆದುಕೊಂಡು ಮೆರವಣಿಗೆ ಹೋಗುತ್ತಾರೆ. ಆ ಚಳಿಯಲ್ಲಿ ಹೂ ಎಲ್ಲಿಂದ ಬರಬೇಕು? ಗುಡ್ಡದ ಮರಗಳಲ್ಲಿ ಇರುವುದು ಬಿಗಿಮೊಗ್ಗು, ಅಷ್ಟೇ. ಆ ರೆಂಬೆಗಳನ್ನು ಕಡಿದು ತಂದು, ಬೆಚ್ಚನೆ ನೀರಿನ ಬಕೆಟ್ಟುಗಳಲ್ಲಿಟ್ಟು, ಕೋಣೆಗೆ ಹದವಾಗಿ ಶಾಖ ಕೊಟ್ಟು, ಸರಿಯಾಗಿ ಮೆರವಣಿಗೆಯ ಬೆಳಿಗ್ಗೆ ಅರಳಿಸಬೇಕು. ಒಂದು ದಿನ ಹಿಂದೆಮುಂದೆ ಆದರೆ ಕೆಟ್ಟಿತು. ಹೂ ಅರಳಿಸಿದವರೇ ಹಗ್ಗದ ತುದಿ ಹಿಡಿದು ಬಂಡಿಯ ಮುಂದೆ ನಡೆಯುವುದು ರೂಢಿ. ನಮ್ಮ ಬೀದಿಯಲ್ಲಿ ಅದು ಅಮ್ಮನ ಜಾಗ. ಈ ವರ್ಷ ಅವಳ ಕಣ್ಣು ತೀರಾ ಮಂಜಾಯಿತು.

"ನಿಂಗ್ಯಾಕೆ ಕೊಡ್ಲಿಲ್ಲ ಗೊತ್ತಾ?" ಎಂದಳು ಅಮ್ಮ. "ಹಾಲು ಉಕ್ಕೋವರೆಗೆ ಒಲೆ ಮುಂದೆ ನಿಲ್ಲೋ ತಾಳ್ಮೆ ಇಲ್ಲ ನಿಂಗೆ."

ನಾನಿರುವುದು ಹಾಲಿನ ಡೈರಿಯಲ್ಲಿ, ತಣ್ಣನೆಯ ಕೋಣೆಯ ಉಸ್ತುವಾರಿಗೆ. ಹಾಲು ತಣ್ಣಗಿಡುವುದು ನನ್ನ ಕಸುಬು, ಉಕ್ಕಿಸುವುದಲ್ಲ.

ಅತ್ತಿಗೆ ಕೆಳಗಿನ ಬಯಲಿನ ಕಡೆಯವಳು. ಮದುವೆಯಾಗಿ ಬಂದು ಎಷ್ಟು ವರ್ಷವಾದರೂ ಎದುರುಮನೆ ದರ್ಜಿಯಮ್ಮನ ಬಾಯಲ್ಲಿ ಅವಳು "ಆ ಬಯಲಿನವಳು". "ನೋಡ್ತಿರು, ಹೂ ಕೆಡಿಸ್ತಾಳೆ. ಆಮೇಲೆ ಬಂಡಿ ಹತ್ರಾನೂ ಸೇರಿಸಲ್ಲ ನಾವು. ಕೆಲಸ ನಿಂಗೇ ಬರುತ್ತೆ," ಎಂದು ದರ್ಜಿಯಮ್ಮ ನನ್ನ ಕಿವಿ ಊದಿದ್ದಳು. ಸುಳ್ಳು ಯಾಕೆ ಹೇಳಲಿ, ಕೇಳಲು ಹಿತವಾಗಿತ್ತು.

ಮೆರವಣಿಗೆಯ ಹಿಂದಿನ ದಿನ ಬೆಳಿಗ್ಗೆ ಹೂವಿನ ಕೋಣೆಯಿಂದ "ಅಯ್ಯಯ್ಯೋ" ಎಂದು ಕೇಳಿಸಿತು. ಓಡಿಹೋಗಿ ನೋಡಿದರೆ ಕೋಣೆ ತುಂಬ ಹಳದಿ! ಒಂದು ಮೊಗ್ಗೂ ಉಳಿಯದೆ ಎಲ್ಲ ಅರಳಿ ಕೂತಿವೆ. ಅಗ್ಗಿಷ್ಟಿಕೆಯ ಕೆಂಡ ಇನ್ನೂ ಕೆಂಪಗಿತ್ತು. ಸಾಲದ್ದಕ್ಕೆ ಬಾಗಿಲಿಗೆ ಕಂಬಳಿ ಬೇರೆ.

"ಕಂಬಳಿ ಯಾಕೆ ಕಟ್ಟಿದ್ರಿ ಅತ್ತಿಗೆ?"

"ಚಳಿ ಜಾಸ್ತಿ ಇತ್ತಲ್ಲ... ಪಾಪ ಅನ್ನಿಸ್ತು."

ಹೂವಿಗೆ ಪಾಪ! ಬಯಲಿನವರು ಮಾತ್ರ ಮಾಡಬಹುದಾದ ತಪ್ಪು. ಗುಡ್ಡದವರು ಮಕ್ಕಳಿಗೂ ಅಷ್ಟು ಹೊದಿಸುವುದಿಲ್ಲ. ಬಿಸಿಗೆ ಅರಳಿದ ಈ ಹೂ ಒಂದು ದಿನ ನಿಂತರೆ ಹೆಚ್ಚು. ನಾಳೆ ಬಂಡಿ ಅಲುಗಿದರೆ ಸಾಕು, ಬರೀ ಕಡ್ಡಿ ಉಳಿಯುತ್ತದೆ. ಹೊರಗಿಡೋಣವೆಂದರೆ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಹೂ ಕಪ್ಪಾಗುತ್ತದೆ.

ಅತ್ತಿಗೆ ಅಳುತ್ತ ನೆಲದ ಮೇಲೆ ಕೂತಳು. "ತಗೋ ಈ ಕೀಲಿ. ಅತ್ತೆ ಹತ್ರ ನಾನೇ ಹೇಳ್ತೀನಿ. ಇನ್ನು ಈ ಬೀದೀಲಿ ನನ್ನನ್ನ ಯಾರು ತಮ್ಮೋಳು ಅಂತಾರೆ?"

ಕೀಲಿ ನನ್ನ ಅಂಗೈಗೆ ಬಂತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಆದರೆ ಅವಳ ಕೈ ಕಣ್ಣಿಗೆ ಬಿತ್ತು. ನೀರು ಬದಲಿಸಿ ಬದಲಿಸಿ ಬೆರಳೆಲ್ಲ ಬಿರುಕು ಬಿಟ್ಟಿತ್ತು. ನನಗೆ ಕೆಟ್ಟ ಸಿಟ್ಟು ಬಂತು, ದರ್ಜಿಯಮ್ಮನ ಮೇಲೆ, ಅವಳ ಮಾತಿಗೆ ಹಿಗ್ಗಿದ ನನ್ನ ಮೇಲೆ.

"ಅತ್ತಿದ್ದು ಸಾಕು, ಏಳಿ. ಬಕೆಟ್ ಹಿಡೀರಿ."

"ಎಲ್ಲಿಗೆ?"

"ನಮ್ಮ ಡೈರಿಗೆ. ಲಾರಿ ಹಾಲು ಒಯ್ದಾಯ್ತು, ಕೋಣೆ ಖಾಲಿ ಇದೆ. ಹೂ ಹೆಪ್ಪುಗಟ್ಟೋಷ್ಟು ಚಳಿ ಇಲ್ಲ, ಬಾಡೋಷ್ಟು ಬಿಸೀನೂ ಇಲ್ಲ. ಇವತ್ತೊಂದು ದಿನ ಅಲ್ಲೇ ಮಲಗಿರ್ಲಿ."

ಮ್ಯಾನೇಜರು ಬಾಗಿಲಲ್ಲಿ ನಿಂತು, "ಏನಮ್ಮ ಇದು, ಹಾಲಿನ ಕೋಣೆಗೆ ಕಾಡು ತಂದ್ರಾ?" ಎಂದರು.

"ನಾಳೆ ಬೆಳಿಗ್ಗೆವರೆಗೆ ಕಣ್ಣು ಮುಚ್ಕೊಳ್ಳಿ ಸಾರ್. ಇಲ್ದಿದ್ರೆ ನಾಳೆಯಿಂದ ಕ್ಯಾನ್ ನೀವೇ ತೊಳೀಬೇಕಾಗುತ್ತೆ."

ಮುಚ್ಚಿಕೊಂಡರು.

ಬೆಳಿಗ್ಗೆ ತೆಗೆದಾಗ ಹೂಗಳು ಕೊಂಚ ಮುದುರಿದ್ದವು, ಉದುರಿರಲಿಲ್ಲ. ಬಂಡಿಗೆ ಕಟ್ಟಿದೆವು. ಬಿಸಿಲು ತಾಗುತ್ತಲೇ ಬಿಚ್ಚಿಕೊಂಡವು. ದರ್ಜಿಯಮ್ಮ ಬಂಡಿಗೆ ಎರಡು ಸುತ್ತು ಬಂದಳು, ಹುಳುಕು ಸಿಗದೆ ಮೂಗು ಮುರಿದಳು.

ಹೊರಡುವ ಹೊತ್ತಿಗೆ ಅತ್ತಿಗೆ ಹಗ್ಗದ ತುದಿಯನ್ನು ನನ್ನ ಕಡೆ ಚಾಚಿದಳು. "ಉಳಿಸಿದ್ದು ನೀನು. ಅತ್ತೆ ಹೆತ್ತ ಮಗಳೂ ನೀನೇ. ನೀನೇ ನಡಿ."

ಆಸೆಯಾಗಲಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು.

"ಮಗಳಾಗಿ ಹುಟ್ಟೋಕೆ ನಾನೇನು ಬೆವರು ಸುರಿಸಿದ್ನಾ?" ಎಂದೆ. "ಅರಳಿಸಿದ್ದು ನೀವು. ಬೇಗ ಅರಳಿಸಿದ್ರಿ, ಅದು ಬೇರೆ ಮಾತು. ನಡೀರಿ ಮುಂದೆ."

ಅವಳು ಇನ್ನೇನಾದರೂ ಹೇಳುವ ಮೊದಲೇ ಬಂಡಿಯ ಹಿಂದೆ ಹೋಗಿ ಭುಜ ಕೊಟ್ಟೆ. ಏರು ಕಡಿದಾಗಿತ್ತು. ತಳ್ಳುತ್ತ ತಳ್ಳುತ್ತ ಏದುಸಿರು ಬಂತು.

ಮೊದಲ ತಿರುವಿನಲ್ಲಿ ಅಮ್ಮ ಅಣ್ಣನ ಕೈ ಹಿಡಿದು ನಿಂತಿದ್ದಳು. "ನಮ್ಮ ಬಂಡಿ ಬಂತಾ? ಮುಂದೆ ಯಾರು ನಡೀತಿದಾರೆ?" ಎಂದು ಕೇಳಿದಳು.

ಬಂಡಿಯ ಪಕ್ಕದಲ್ಲೇ ಬರುತ್ತಿದ್ದ ದರ್ಜಿಯಮ್ಮ, "ಇನ್ಯಾರು, ಆ ಬಯಲಿನ..." ಎಂದು ರಾಗ ಎಳೆದಳು.

ನಾನು ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಹಿಂದಿನಿಂದ ಕೂಗಿದೆ. "ನಿನ್ನ ಮಗಳು ಕಣಮ್ಮಾ!"

ಅಮ್ಮನ ಕಣ್ಣು ಮಂಜಾದರೂ ಕಿವಿ ಚುರುಕು. ದನಿ ಯಾರದು, ಎಲ್ಲಿಂದ ಬಂತು ಎಂದು ತಿಳಿಯದವಳಲ್ಲ.

"ಹೌದು, ನನ್ನ ಮಗಳೇ," ಎಂದಳು, ಇಡೀ ಬೀದಿಗೆ ಕೇಳುವ ಹಾಗೆ. ಆಮೇಲೆ ನನ್ನ ದನಿ ಬಂದ ಕಡೆಗೆ ತಿರುಗಿ, "ನೀನು ಮಾತಾಡಿದ್ದು ಸಾಕು, ತಳ್ಳು," ಎಂದಳು.